ಅಲ್ಯೂಮಿನಿಯಂ ದೋಣಿಗೆ ಎರಡು ಸಲ ಪ್ರೈಮರ್

ಫೆಬ್ರುವರಿ 8, ಶನಿವಾರ

ಮನೆಯಲ್ಲಿ ಕೂತು ಇವತ್ತಿಗೆ ಮೂರು ದಿನ. ಬೆಳಿಗ್ಗೆ ಏಳಕ್ಕೆ 17 ಡಿಗ್ರಿ, ತೆಳುವಾದ ಮಂಜು. ಗ್ಯಾಸ್ ಒಲೆ ತೊಳೆದೆ. ಮಧ್ಯಾಹ್ನ ಮತ್ತೊಮ್ಮೆ ತೊಳೆದೆ. ಅತ್ತೆ ನೋಡಿ, "ಅದರ ಬಣ್ಣವೂ ಎದ್ದು ಬರ್ತದೆ ಮಾರಾಯ್ತಿ, ಸಾಕು ಮಾಡು" ಅಂದರು. ಆಡಬಾರದ ಮಾತು ಬಾಯಿಗೆ ಬಂತೆಂದು ಅವರಿಗೇ ಅನ್ನಿಸಿ, ಕಾಯಿ ತುರಿಯುವ ನೆಪದಲ್ಲಿ ಒಳಗೆ ಹೋದರು.

ಅಪ್ಪ ಉಡುಪಿಯಲ್ಲಿ ಪತ್ರಿಕೆಯ ಏಜೆಂಟರಾಗಿದ್ದರು. ಏನೇ ಆಗಲಿ, ಯಾರು, ಏನು, ಎಲ್ಲಿ, ಯಾವಾಗ ಅನ್ನುವುದನ್ನು ಮೊದಲು ಹೇಳು, ಅಳುವುದಿದ್ದರೆ ಆಮೇಲೆ ಅಳು ಅನ್ನುತ್ತಿದ್ದರು. ಹಾಗೆಯೇ ಬರೆಯುತ್ತೇನೆ.

ಬಂಗಾಳದ ಗಾರ್ಡನ್ ರೀಚ್‌ನ ನದಿದಂಡೆಯಲ್ಲಿರುವ ಒಂದು ಚಿಕ್ಕ ಖಾಸಗಿ ಬೋಟ್ ಯಾರ್ಡಿನಲ್ಲಿ ನಾನು ಬಣ್ಣದ ಇನ್‌ಸ್ಪೆಕ್ಟರ್. ಹದಿನಾರು ವರ್ಷವಾಯಿತು. ಬಣ್ಣ ಹೊಡೆಯುವ ಮೊದಲು ಲೋಹ ಒಣಗಿದೆಯೇ, ಗಾಳಿಯಲ್ಲಿ ತೇವ ಎಷ್ಟಿದೆ ಎಂದು ಅಳೆದು ರಿಜಿಸ್ಟರ್‌ನಲ್ಲಿ ಬರೆದು ಸಹಿ ಹಾಕಬೇಕು. ನನ್ನ ಸಹಿ ಬಿದ್ದ ಮೇಲೆಯೇ ಪೇಂಟರ್ ಸ್ಪ್ರೇ ಗನ್ ಹಿಡಿಯಬೇಕು. ಕಳೆದ ನವೆಂಬರ್ 28ರ ಬೆಳಿಗ್ಗೆ ಅಲ್ಯೂಮಿನಿಯಂನ ಆಂಬುಲೆನ್ಸ್ ಲಾಂಚ್ ಒಂದಕ್ಕೆ, ರೋಗಿಗಳನ್ನು ಒಯ್ಯುವ ಮೋಟಾರು ದೋಣಿಗೆ, ಪ್ರೈಮರ್ ಆಯಿತು. ಡಿಸೆಂಬರ್‌ನಲ್ಲಿ ಲಾಂಚ್ ಸುಂದರಬನಕ್ಕೆ ಹೋಯಿತು. ಜನವರಿ ಕೊನೆಗೆ ಬಣ್ಣ ಹಪ್ಪಳದ ಹಾಗೆ ಎದ್ದು ಬಂತು. ಈ ತಿಂಗಳ 5ರಂದು ಇಬ್ಬರಿಗೆ ಮನೆಯಲ್ಲಿರಲು ಹೇಳಿದರು. ನನಗೆ ಸಂಬಳದೊಂದಿಗೆ. ಬಣ್ಣ ಹೊಡೆದ ನಿಮಾಯಿ ಮಂಡಲ್‌ಗೆ ಸಂಬಳವಿಲ್ಲದೆ. ಮಾರ್ಚ್ 10ರೊಳಗೆ ನಾನು ಲಿಖಿತ ಹೇಳಿಕೆ ಕೊಡಬೇಕು. 20ಕ್ಕೆ ವಿಚಾರಣೆ.

ರಿಜಿಸ್ಟರ್‌ನಲ್ಲಿ ಹೀಗಿದೆ: ಸಮಯ ಬೆಳಿಗ್ಗೆ 7. ಲೋಹದ ತಾಪಮಾನ 23. ಇಬ್ಬನಿ ಕೂರುವ ತಾಪಮಾನ 17. ಎರಡರ ನಡುವೆ ಮೂರು ಡಿಗ್ರಿ ಅಂತರವಿದ್ದರೆ ಸಾಕು, ಇಲ್ಲಿ ಆರು ಇದೆ. ಹಾಗಾಗಿ ತಪ್ಪು ತೊಳೆಯುವುದರಲ್ಲೇ ಆಗಿರಬೇಕು ಎಂದು ಮ್ಯಾನೇಜರ್ ಪುರುಷೋತ್ತಮ ಸಾಹಾ ಹೇಳುತ್ತಾರೆ. ತೊಳೆಯುವುದು ನಿಮಾಯಿಯ ಕೆಲಸ. ಅವನು ಮೂವತ್ತು ವರ್ಷದ ಹಳಬ, ಆದರೂ ಯಾರಿಗಾದರೂ ಒಂದು ದಿನ ಕೈ ತಪ್ಪಬಹುದು. ರಿಜಿಸ್ಟರ್ ಸರಿಯಾಗಿದೆ.

ಫೆಬ್ರುವರಿ 9, ಭಾನುವಾರ

ಟಾಲಿಗಂಜ್ ಟ್ರಾಮ್ ಡಿಪೊ ಹತ್ತಿರದ ನಮ್ಮ ಹೋಟೆಲಿಗೆ ಹೋಗಿ ಗಲ್ಲೆಯಲ್ಲಿ ಕೂತೆ. ನನ್ನ ಗಂಡ ರವಿರಾಜ ದೋಸೆ ಕಲ್ಲಿನ ಮುಂದೆ. ಮದುವೆಯಾಗಿ ಹದಿನೇಳು ವರ್ಷದಲ್ಲಿ ನಾನು ಭಾನುವಾರ ಹೀಗೆ ಕೂತದ್ದು ಕಡಿಮೆ.

ಹತ್ತಕ್ಕೆ ಶೋಭನಾದಿ ಬಂದರು. ನಿವೃತ್ತ ಶಾಲಾ ಶಿಕ್ಷಕಿ, ನಮ್ಮ ಪಾಡಾದ (ಇಲ್ಲಿ ಕೇರಿಗೆ ಹಾಗೆನ್ನುತ್ತಾರೆ) ಕ್ಲಬ್ಬಿನ ಕಾರ್ಯದರ್ಶಿ. ಒಂದು ಮಸಾಲೆ ದೋಸೆ ಮುಗಿಸಿ ಎರಡನೆಯದಕ್ಕೆ ಹೇಳಿ ನನ್ನ ಕಡೆ ತಿರುಗಿದರು. ಇಲ್ಲಿಯವರು ಬಂಗಾಳಿಯಲ್ಲಿ ಆಡಿದ್ದನ್ನು ನಾನು ಕನ್ನಡದಲ್ಲೇ ಬರೆದುಕೊಳ್ಳುತ್ತೇನೆ.

"ಏನಮ್ಮಾ, ನೀನು ಹಡಗಿಗೆ ಬಣ್ಣ ಹೊಡೆಯುತ್ತೀಯಂತೆ?"

"ಹೊಡೆಯುವುದಿಲ್ಲ ದೀದಿ. ತಪಾಸಣೆ ಮಾಡುತ್ತೇನೆ."

"ಅಂದರೆ ಬೇರೆಯವರು ಅಡುಗೆ ಮಾಡಿದರೆ ಉಪ್ಪು ನೋಡುವವಳು."

ರವಿ ಸಟ್ಟುಗ ಹಿಡಿದುಕೊಂಡೇ ನಕ್ಕರು. ನನಗೆ ನಗು ಬರಲಿಲ್ಲ.

ಕ್ಲಬ್ಬಿನ ಹಿಂದಿನ ಪುಕುರಿನಲ್ಲಿ, ಅಂದರೆ ಪಾಡಾದ ಕೆರೆಯಲ್ಲಿ, ಅಂತರಗಂಗೆ ಬೆಳೆದು ನೀರೇ ಕಾಣದು. ಮಾರ್ಚ್ 23ಕ್ಕೆ ಎಲ್ಲರೂ ಸೇರಿ ತೆಗೆಯುತ್ತಾರಂತೆ. ಅದಕ್ಕೆ ಕ್ಲಬ್ಬಿನ ಹಳೆ ಅಲ್ಯೂಮಿನಿಯಂ ದೋಣಿ ಬೇಕು. ಮಳೆಗಾಲದಲ್ಲಿ ಓಣಿಗೆ ನೀರು ನುಗ್ಗಿದಾಗ ಮುದುಕರನ್ನು ದಾಟಿಸುವುದೂ ಅದೇ. "ನೋಡಿ ಹೇಳು, ಬಣ್ಣ ಹೊಡೆದರೆ ಉಳಿಯುತ್ತದಾ, ಗುಜರಿಗೆ ಹಾಕಲಾ?"

ನೋಡುತ್ತೇನೆ ಅಂದೆ.

ಫೆಬ್ರುವರಿ 11, ಮಂಗಳವಾರ

ದೋಣಿ ನೋಡಿದೆ. ಹನ್ನೆರಡು ಅಡಿ ಉದ್ದ, ಚಪ್ಪಟೆ ತಳ. ಎರಡು ಡ್ರಮ್ಮಿನ ಮೇಲೆ ಬೋರಲು ಹಾಕಿದ್ದಾರೆ. ಯಾರೋ ಕಬ್ಬಿಣದ ಗೇಟಿಗೆ ಬಳಿಯುವ ಕೆಂಪು ಪ್ರೈಮರನ್ನು ಇದಕ್ಕೂ ಬಳಿದು ಮೇಲೆ ನೀಲಿ ಬಣ್ಣ ಹೊಡೆದಿದ್ದಾರೆ. ಅಲ್ಯೂಮಿನಿಯಂ ಅದನ್ನು ಹಿಡಿದುಕೊಳ್ಳುವುದಿಲ್ಲ. ಬಣ್ಣ ಎದ್ದ ಕಡೆ ಉಪ್ಪಿನಂಥ ಬಿಳಿ ಪುಡಿ. ತಗಡಿನಲ್ಲಿ ತೂತಿಲ್ಲ. ಗುಜರಿಗೆ ಹಾಕುವಂಥದ್ದಲ್ಲ.

ಶೋಭನಾದಿಗೆ ಮಾಡಬೇಕಾದ್ದನ್ನು ಹೇಳಿದೆ: ಹಳೆಯದನ್ನು ಪೂರ್ತಿ ಕೆರೆಯಬೇಕು, ಎಣ್ಣೆ ಜಿಡ್ಡು ತೆಗೆಯಬೇಕು, ಉಜ್ಜಬೇಕು, ಲೋಹವನ್ನು ಕಚ್ಚುವ ಪ್ರೈಮರ್ ತೆಳುವಾಗಿ ಕೊಡಬೇಕು, ಆಮೇಲೆ ಇನ್ನೊಂದು ಪ್ರೈಮರ್, ಕೊನೆಗೆ ಬಣ್ಣ.

"ಯಾರು ಮಾಡಬೇಕು?"

ಸುತ್ತ ಯಾರೂ ಇರಲಿಲ್ಲ.

ಫೆಬ್ರುವರಿ 14, ಶುಕ್ರವಾರ

ಮೂರು ದಿನದಿಂದ ಕೆರೆಯುತ್ತಿದ್ದೇನೆ. ಎರಡೂ ಅಂಗೈಯಲ್ಲಿ ಬೊಬ್ಬೆ. ಹದಿನಾರು ವರ್ಷ ಬಣ್ಣವನ್ನು ಅಳೆದಿದ್ದೇನೆ, ಒಂದು ದಿನವೂ ಬಳಿದಿಲ್ಲ. ಒಂದು ಚದರಡಿ ಕೆರೆಯಲು ಇಪ್ಪತ್ತು ನಿಮಿಷ ಬೇಕು. ಇದನ್ನು ಯಾವ ರಿಜಿಸ್ಟರ್‌ನಲ್ಲೂ ಬರೆಯುವುದಿಲ್ಲ.

ಹೇಳಿಕೆಯ ಮೊದಲ ಪುಟ ಬರೆದೆ. "ರಿಜಿಸ್ಟರ್‌ನಲ್ಲಿ ದಾಖಲಾಗಿರುವಂತೆ" ಎಂದು ಶುರು ಮಾಡಿದೆ. ಸಾಹಾ ಅವರು ಫೋನಿನಲ್ಲಿ ಓದಿಸಿಕೊಂಡು ತುಂಬಾ ಸರಿ ಅಂದರು.

ಫೆಬ್ರುವರಿ 15, ಶನಿವಾರ

ಜಿಡ್ಡು ತೆಗೆದು ಉಜ್ಜಿ ಮುಗಿಸಿದೆ. ದೋಣಿ ಹೊಸ ಪಾತ್ರೆಯ ಹಾಗಿದೆ. ಸಂಜೆ ಅತ್ತೆ ನೋಡಲು ಬಂದರು, ಕೈಯಲ್ಲಿ ತೆಂಗಿನೆಣ್ಣೆಯ ಬಟ್ಟಲು, ಅರಿಸಿನ, ಎರಡು ದಾಸವಾಳ. ಅವರ ತವರು ಮಲ್ಪೆಯಲ್ಲಿ. ಅವರ ಅಪ್ಪನಿಗೆ ಮೀನಿನ ದೋಣಿ ಇತ್ತು.

"ದೋಣಿಗೆ ಕೆಲಸ ಶುರು ಮಾಡುವ ಮೊದಲು ಮೂತಿಗೆ ಎಣ್ಣೆ ಅರಿಸಿನ ಹಚ್ಚದೆ ನಮ್ಮಲ್ಲಿ ಯಾರೂ ಉಳಿ ಮುಟ್ಟುದಿಲ್ಲ."

"ಅತ್ತೆ, ಅದು ಮರದ ದೋಣಿ. ಮರ ಎಣ್ಣೆ ಕುಡಿಯುತ್ತದೆ."

"ಇದಕ್ಕೆ ಎಂತ, ಬಾಯಾರಿಕೆ ಇಲ್ವಾ?"

ಹಚ್ಚಿದರು. ಐದು ಬೆರಳೂ ಮೂಡಿದವು. ಅವರು ಹೋದ ಮೇಲೆ ಬಟ್ಟೆಯಿಂದ ಒರೆಸಿ ತೆಗೆದೆ.

ಫೆಬ್ರುವರಿ 16, ಭಾನುವಾರ

ಮೊದಲ ಪ್ರೈಮರ್ ಆಯಿತು. ಒಂಬತ್ತಕ್ಕೆ ಮೈದಾನದಲ್ಲಿ ಕ್ರಿಕೆಟ್ ಶುರುವಾದರೆ ಧೂಳೆದ್ದು ಹಸಿ ಬಣ್ಣಕ್ಕೆ ಅಂಟುತ್ತದೆ. ಅದಕ್ಕೇ ಆರೂಮುಕ್ಕಾಲಿಗೆ ಶುರು ಮಾಡಿದೆ. ತೇವ ಅಳೆಯುವ ಮೀಟರ್ ಯಾರ್ಡಿನ ಬೀರುವಿನಲ್ಲಿದೆ. ಕಣ್ಣಿಗೆ ತಗಡು ಒಣಗಿಯೇ ಇತ್ತು. ಆದರೂ ಒಂದು ಸಲ ಬಟ್ಟೆ ಆಡಿಸಿದೆ. ಎಂಟೂಕಾಲಿಗೆ ಮುಗಿಯಿತು. ಒಂದು ಗೆರೆಯೂ ಕಾಣದ ಹಾಗೆ ಬಂದಿದೆ. ರವಿಗೆ ಫೋಟೊ ಕಳಿಸಿದೆ. ಅವರು ಹೋಟೆಲಿಗೆ ಬಂದವರಿಗೆಲ್ಲ ತೋರಿಸಿದರಂತೆ.

ಇವತ್ತು ಹಸಿವಾಯಿತು.

ಫೆಬ್ರುವರಿ 23, ಭಾನುವಾರ

ಏಳು ದಿನ ಬಿಟ್ಟು ಟೇಪ್ ಪರೀಕ್ಷೆ ಮಾಡಿದೆ. ಬ್ಲೇಡಿನಲ್ಲಿ ಗೀರಿ, ಟೇಪ್ ಒತ್ತಿ ಅಂಟಿಸಿ, ಎಳೆಯುವುದು. ಮೂತಿಯಲ್ಲಿ ಎಳೆದೆ. ಪ್ರೈಮರ್ ಪೂರ್ತಿ ಟೇಪಿಗೆ ಬಂತು. ಕೆಳಗೆ ಬರಿ ತಗಡು, ಅದರ ಮೇಲೆ ನಸು ಹಳದಿಯ ಐದು ಬೆರಳು.

ನೇರ ಮನೆಗೆ ಬಂದು ಆ ಟೇಪನ್ನು ಅಡುಗೆಮನೆಯ ಕಟ್ಟೆಯ ಮೇಲೆ ಇಟ್ಟೆ. "ನೋಡಿ ಅತ್ತೆ. ನಿಮ್ಮ ಎಣ್ಣೆ. ಹದಿನೈದು ದಿನದ ಕೆಲಸ ಮಣ್ಣು ಮಾಡಿತು." ಇನ್ನೂ ಏನೇನೋ ಅಂದೆ. ಊರಿನ ಪದ್ಧತಿಯನ್ನು ಊರಿನಲ್ಲೇ ಬಿಟ್ಟು ಬರಬೇಕು ಅಂದೆ. ಅವರು ಸೆರಗಿನಿಂದ ಕನ್ನಡಕ ಒರೆಸಿ ಹಾಕಿಕೊಂಡು, ಚಪ್ಪಲಿ ಮೆಟ್ಟಿ ಹೊರಟರು. ನಾನು ಹಿಂದೆ ಹೋದೆ. ಕ್ಲಬ್ಬಿಗೆ ಬಂದು ದೋಣಿಯನ್ನು ಒಂದು ಸುತ್ತು ಹಾಕಿದರು. ಮೂತಿಯಿಂದ ಹತ್ತಡಿ ದೂರ, ಹಿಂಭಾಗದಲ್ಲಿ ಉಗುರಿನಿಂದ ಕೆರೆದರು. ಅಂಗೈಯಗಲ ಪ್ರೈಮರ್ ಎದ್ದು ಬಂತು.

"ನಾನು ಹಚ್ಚಿದ್ದು ಮೂತಿಗೆ ಮಾತ್ರ. ಇಲ್ಲಿಯದ್ದು ಎಂತಕ್ಕೆ ಬಂತು?"

ಅಷ್ಟು ಕೇಳಿ ಮನೆಗೆ ಹೋದರು.

ನೆರಳಿನ ಬದಿಯಲ್ಲಿ ಇನ್ನೂ ನಾಲ್ಕು ಕಡೆ ಟೇಪ್ ಹಾಕಿದೆ. ನಾಲ್ಕೂ ಬಂದವು.

ಫೆಬ್ರುವರಿ 24, ಸೋಮವಾರ

ಬರೆಯುವುದಕ್ಕೆ ಏನೂ ಇಲ್ಲ.

ಫೆಬ್ರುವರಿ 26, ಬುಧವಾರ

ಬೆಳಿಗ್ಗೆ ಆರೂಮುಕ್ಕಾಲಿಗೆ ದೋಣಿಯ ಹತ್ತಿರ ಹೋದೆ. ಕಣ್ಣಿಗೆ ಒಣಗಿದ ತಗಡು. ಅದರ ಮೇಲೆ ಒಂದು ಹಾಳೆ ಒತ್ತಿ ತೆಗೆದೆ. ಹಾಳೆ ಮೆತ್ತಗಾಗಿತ್ತು. ರಾತ್ರಿಯ ಇಬ್ಬನಿ ತೆಳುವಾಗಿ ಕೂತರೆ ಕಾಣುವುದಿಲ್ಲ. ಬಟ್ಟೆ ಆಡಿಸಿದರೆ ಹರಡುತ್ತದೆ, ಹೋಗುವುದಿಲ್ಲ. ಇದನ್ನು ನಾನು ಹೊಸಬರಿಗೆ ಪಾಠ ಹೇಳುತ್ತೇನೆ.

ಅಲ್ಲಿಂದ ಹೋಟೆಲಿಗೆ ಹೋಗಿ ಹಳೆ ಪೇಪರಿನ ಕಟ್ಟುಗಳನ್ನು ಬಿಚ್ಚಿದೆ. ನವೆಂಬರ್ 29ರ ಪತ್ರಿಕೆ ಸಿಕ್ಕಿತು. ಹವಾಮಾನದ ಕಾಲಂನಲ್ಲಿ ಹಿಂದಿನ ದಿನದ ಅಂಕಿಗಳಿದ್ದವು: ಕನಿಷ್ಠ ತಾಪಮಾನ 16.8. ಗರಿಷ್ಠ ತೇವಾಂಶ ಶೇಕಡಾ 94. ಬೆಳಗಿನ ಗಾಳಿ ಅಷ್ಟು ತೇವ ಹೊತ್ತಿದ್ದಾಗ ಏಳು ಗಂಟೆಗೆ ಬಯಲಿನಲ್ಲಿ ನಿಂತ ಲೋಹ 23 ಡಿಗ್ರಿ ಇರುವುದಿಲ್ಲ. ಆರು ಡಿಗ್ರಿ ಅಂತರ ಇರುವುದಿಲ್ಲ. ಒಂದೂ ಇರುವುದಿಲ್ಲ.

23 ಮತ್ತು 17, ನಾನು ನವೆಂಬರ್ 27ರ ಸಂಜೆ ಐದೂವರೆಗೆ ಅಳೆದದ್ದು. 28ರ ಬೆಳಿಗ್ಗೆ ಮೀಟರನ್ನು ಚೀಲದಿಂದ ತೆಗೆಯಲಿಲ್ಲ. ಮರುದಿನ ಲಾಂಚನ್ನು ಎತ್ತಿ ಸಾಗಿಸಲು ಕ್ರೇನಿಗೆ ಕೊಡಬೇಕಿತ್ತು. ಸಾಹಾ ಅವರು ಎರಡು ಸಲ ಫೋನ್ ಮಾಡಿದ್ದರು.

ಇದು ನನಗೆ ಇವತ್ತು ಗೊತ್ತಾದದ್ದಲ್ಲ.

ಫೆಬ್ರುವರಿ 27, ಗುರುವಾರ

ಅತ್ತೆಗೆ ತಪ್ಪಾಯಿತು ಅಂದೆ. "ಮೂತಿಯದ್ದು ನನ್ನದೇ ತಪ್ಪು, ಅದನ್ನು ನಾನು ಒಪ್ತೇನೆ" ಅಂದರು. "ನಿನ್ನದನ್ನು ನೀನು ನೋಡಿಕೋ." ಆಮೇಲೆ ಬಂಗುಡೆ ಗಸಿ ಬಡಿಸಿದರು.

ನಿಮಾಯಿಗೆ ಫೋನ್ ಮಾಡಿದೆ. ಹೆಂಡತಿ ಎತ್ತಿಕೊಂಡರು. ಯಾರೆಂದು ಹೇಳಿದೆ. ಯಾರ್ಡಿನ ಕೆಲಸ ಅಲ್ಲ, ಪಾಡಾದ ದೋಣಿಗೆ ಪ್ರೈಮರ್ ಮಾಡಬೇಕು, ನಾನು ಮಾಡಿದ್ದು ಕಿತ್ತು ಬಂತು ಅಂದೆ. ಹಿಂದಿನಿಂದ ಗಂಡಸಿನ ನಗು ಕೇಳಿಸಿತು.

ಶನಿವಾರ ಬರುತ್ತಾನಂತೆ.

ಮಾರ್ಚ್ 1, ಶನಿವಾರ

ಎಂಟಕ್ಕೆ ನಿಮಾಯಿದಾ ಬಂದರು; ಎದುರಿಗೆ ನಾವೆಲ್ಲ ಅಣ್ಣ ಎನ್ನುವಂತೆ 'ದಾ' ಸೇರಿಸಿಯೇ ಅವರನ್ನು ಕರೆಯುವುದು. ಕೈಯಲ್ಲಿ ತಮ್ಮದೇ ಬ್ರಷ್‌ಗಳ ಕಟ್ಟು, ಹಳೆ ಲುಂಗಿಯಲ್ಲಿ ಸುತ್ತಿದ್ದು. ಒಂದು ತಿಂಗಳಿಗೆ ಮುಖ ಇಳಿದಿದೆ. ನಮಸ್ಕಾರ ದಿದಿಮಣಿ ಅಂದರು, ಅಷ್ಟೆ. ದೋಣಿಯ ಬದಿಯನ್ನು ಬೆರಳಿನಿಂದ ತಟ್ಟುತ್ತಾ ಒಂದು ಸುತ್ತು ಬಂದರು.

"ಎಷ್ಟು ಗಂಟೆಗೆ ಹೊಡೆದಿರಿ?"

"ಆರೂಮುಕ್ಕಾಲು."

ಅವರು ಕೆರೆಯುವ ತಗಡಿನ ಬಿಲ್ಲೆ ಕೈಗೆ ಕೊಟ್ಟು, "ಎಲ್ಲ ತೆಗೆಯಬೇಕು. ಆ ಕಡೆಯಿಂದ ನೀವು, ಈ ಕಡೆಯಿಂದ ನಾನು" ಅಂದರು.

ಮಧ್ಯಾಹ್ನ ಅತ್ತೆ ಊಟ ತಂದರು. ಅತ್ತೆಗೆ ಬಂಗಾಳಿ ಅರ್ಧ, ಹಿಂದಿ ಕಾಲು, ಉಳಿದದ್ದು ಕೈಸನ್ನೆ. ನಿಮಾಯಿದಾ ಗಸಿ ನಾಲಿಗೆಗೆ ಹಚ್ಚಿ ನೀರು ಕುಡಿದರು.

"ಮಾಸಿಮಾ, ಇದು ಮೀನಾ, ಪೇಂಟ್ ರಿಮೂವರಾ?"

"ಬೆಲ್ಲ ಹಾಕಿ ಮೀನು ತಿನ್ನುವವರಿಗೆ ಹಾಗೇ ಕಾಣ್ತದೆ ಅಂತ ಹೇಳು ಇವನಿಗೆ" ಅಂದರು ಅತ್ತೆ ನನ್ನ ಹತ್ತಿರ.

ಹೇಳಿದೆ. ಎರಡನೇ ಸಲ ಹಾಕಿಸಿಕೊಂಡರು.

ಮಾರ್ಚ್ 5, ಬುಧವಾರ

ಕೆರೆದು ಮುಗಿಯಿತು. ಅವರ ಕೈಗೆ ಒಂದು ಚದರಡಿಗೆ ಏಳು ನಿಮಿಷ. ನನಗೆ ಈಗ ಹನ್ನೆರಡು.

ಇವತ್ತು ತೊಳೆದರು. ಸೋಪಿನ ನೀರು, ಬರಿ ನೀರು, ಥಿನ್ನರ್, ಮತ್ತೆ ನೀರು. ಒಂದೊಂದಕ್ಕೂ ಬೇರೆ ಬಟ್ಟೆ. ಕೊನೆಗೆ ಒಂದು ಮಗ್ ನೀರನ್ನು ಮೇಲಿನಿಂದ ಬಿಟ್ಟರು. ನೀರು ಎಲ್ಲೂ ಒಡೆಯದೆ ಒಂದೇ ಹಾಳೆಯಂತೆ ಇಳಿಯಬೇಕು. ಮೂತಿಯಲ್ಲಿ ಮಾತ್ರ ಹನಿಹನಿಯಾಗಿ ಒಡೆಯಿತು.

"ಮಾಸಿಮಾ ಇನ್ನೂ ಇಲ್ಲಿದ್ದಾರೆ" ಅಂದರು. ಆ ಜಾಗವನ್ನು ಮೂರು ಸಲ ತೊಳೆದ ಮೇಲೆ ನೀರು ಒಂದಾಗಿ ಇಳಿಯಿತು.

ಇಂಥ ಕೈ ಲಾಂಚನ್ನು ಸರಿಯಾಗಿ ತೊಳೆಯಲಿಲ್ಲ ಎಂದು ನನ್ನ ಹೇಳಿಕೆಯ ಎರಡನೇ ಪುಟದಲ್ಲಿದೆ.

ಮಾರ್ಚ್ 8, ಶನಿವಾರ

ಏಳಕ್ಕೇ ಇಬ್ಬರೂ ದೋಣಿಯ ಹತ್ತಿರ ಇದ್ದೆವು. ನಿಮಾಯಿದಾ ಅಂಗೈಯ ಹಿಂಭಾಗವನ್ನು ತಗಡಿಗೆ ಇಟ್ಟರು, ಮಗುವಿನ ಜ್ವರ ನೋಡುವವರ ಹಾಗೆ. "ಒದ್ದೆ ಇದೆ. ಬಿಸಿಲು ಬರಲಿ." ಮೈದಾನದ ಕ್ರಿಕೆಟನ್ನು ಇವತ್ತು ಸಂಜೆಗೆ ಇಟ್ಟುಕೊಳ್ಳಿ ಎಂದು ಶೋಭನಾದಿ ಹುಡುಗರಿಗೆ ಮೊದಲೇ ಗದರಿಸಿದ್ದರು. ಅಷ್ಟು ಸುಲಭವಿತ್ತು.

ಕ್ಲಬ್ಬಿನ ಮೆಟ್ಟಿಲಲ್ಲಿ ಕೂತೆವು. ಅವರು ಕಡಲೆಕಾಯಿ ಸುಲಿಯುತ್ತಿದ್ದರು.

"ನಿಮಾಯಿದಾ, ಆ ದಿನವೂ ನೀವು ಹೇಳಿದ್ದಿರಿ."

"ಯಾವ ದಿನ?"

"ನವೆಂಬರ್ 28. ಒದ್ದೆ ಇದೆ ದಿದಿಮಣಿ ಅಂದಿರಿ. ಶುರು ಮಾಡಿ ಅಂದೆ."

"ಹೇಳಿದ್ದೆ."

"ನಾನು ಅವತ್ತು ಅಳೆಯಲೇ ಇಲ್ಲ. ಹಿಂದಿನ ಸಂಜೆಯ ಅಂಕಿ ಬರೆದು ಸಹಿ ಹಾಕಿದೆ. ಹೇಳಿಕೆಯಲ್ಲಿ ಇದನ್ನೇ ಬರೆಯುತ್ತೇನೆ. ನೀವು ಹೇಳಿದ್ದನ್ನೂ ಬರೆಯುತ್ತೇನೆ."

ಆಯ್ತು ಬಿಡಿ ಅನ್ನುತ್ತಾರೆ ಎಂದುಕೊಂಡಿದ್ದೆ. ಅವರು ಕೈಯಲ್ಲಿದ್ದ ಸಿಪ್ಪೆ ಕೊಡವಿದರು.

"ಒಂದು ತಿಂಗಳು ಬೇಕಾಯಿತಾ ದಿದಿಮಣಿ? ನನ್ನ ಅಳಿಯ ಬಂದು ಕೇಳಿದ, ಬಾಬಾ, ನಿಮ್ಮ ಕೈ ನಡುಗುತ್ತದಂತೆ, ಕಣ್ಣು ಕಾಣಿಸುವುದಿಲ್ಲವಂತೆ, ಹೌದಾ ಅಂತ. ಬೇರೆ ಯಾರ್ಡಿಗೆ ಹೋದೆ. ಅಲ್ಲಿಗೂ ಸುದ್ದಿ ಮುಟ್ಟಿತ್ತು. ಮೂವತ್ತೊಂದು ವರ್ಷ. ಸಂಬಳ ಹಿಡಿದದ್ದು ಹೋಗಲಿ. ನನ್ನ ಕೈಗೆ ಕೆಟ್ಟ ಹೆಸರು ತಂದಿರಿ."

ತಪ್ಪಾಯಿತು ಅಂದೆ. ಅವರು ಇನ್ನೊಂದು ಕಡಲೆಕಾಯಿ ಒಡೆದರು.

ಹತ್ತೂಹತ್ತಕ್ಕೆ ಎದ್ದು ಹೋಗಿ ಮತ್ತೆ ಕೈ ಇಟ್ಟು ನೋಡಿದರು. "ಬನ್ನಿ, ಒಣಗಿದೆ. ಅಲ್ಯೂಮಿನಿಯಂ ಉಜ್ಜಿದ ಮೇಲೆ ಕಾಯುವುದಿಲ್ಲ, ತನ್ನ ಮೇಲೆ ತಾನೇ ಪೊರೆ ಎಳೆದುಕೊಳ್ಳುತ್ತದೆ. ನಾನು ಉಜ್ಜುತ್ತಾ ಹೋಗುತ್ತೇನೆ, ನೀವು ಹಿಂದೆಯೇ ಬಳಿಯುತ್ತಾ ಬನ್ನಿ."

"ನೀವೇ ಬಳಿಯಿರಿ."

"ನಿಮ್ಮ ಪಾಡಾದ ದೋಣಿ. ನೀವೇ ಬಳಿಯಿರಿ. ಬ್ರಷ್ಷನ್ನು ಪೊರಕೆಯ ಹಾಗೆ ಹಿಡಿಯಬೇಡಿ."

ಮೂರು ಗಂಟೆ ಹಿಡಿಯಿತು. ಅಲ್ಲಲ್ಲಿ ಗೆರೆ ಉಳಿದಿದೆ. ಕಳೆದ ಸಲದಷ್ಟು ನುಣುಪಿಲ್ಲ.

ಮಾರ್ಚ್ 10, ಸೋಮವಾರ

ಹಳೆಯ ಎರಡು ಪುಟ ಹರಿದೆ. ಹೊಸದು ಅರ್ಧ ಪುಟ. ಯಾರು, ಏನು, ಎಲ್ಲಿ, ಯಾವಾಗ. ಹನ್ನೊಂದಕ್ಕೆ ಯಾರ್ಡಿನ ಆಫೀಸಿಗೆ ಕೊಟ್ಟು ರಸೀದಿ ತೆಗೆದುಕೊಂಡೆ. ಹನ್ನೆರಡಕ್ಕೆ ಸಾಹಾ ಅವರ ಫೋನ್.

"ಇದೇನು ಬರೆದಿದ್ದೀರಿ? ರಿಜಿಸ್ಟರ್ ಸರಿ ಇದೆಯಲ್ಲ. ನಿಮ್ಮ ಸಹಿ ಸುಳ್ಳು ಅಂತ ನೀವೇ ಹೇಳಿದರೆ, ಹದಿನಾರು ವರ್ಷದ ಸಹಿಯನ್ನೆಲ್ಲ ಜನ ಕೇಳುತ್ತಾರೆ."

"ಕೇಳಲಿ ಸರ್."

"ಪೇಂಟರ್‌ಗಾಗಿ ಕೆಲಸ ಕಳೆದುಕೊಳ್ಳುತ್ತೀರಾ? ಸಂಜೆಯವರೆಗೆ ಸಮಯ ಇದೆ, ವಾಪಸ್ ತೆಗೆದುಕೊಳ್ಳಿ."

ಬೇಡ ಅಂದೆ. ಫೋನಿಟ್ಟು ಹೋಟೆಲಿಗೆ ಹೋಗಿ ರವಿಗೆ ಹೇಳಿದೆ. ಅವರು ಒಂದು ದೋಸೆ ಮಗುಚಿದರು. "ಕೆಲಸ ಹೋದರೆ ಇಲ್ಲಿ ಸಾಂಬಾರಿಗೆ ಉಪ್ಪು ನೋಡು. ಅಳತೆ ಮಾತ್ರ ಅದೇ ದಿನದ್ದು ಹಾಕು."

ನಕ್ಕೆ. ಎಷ್ಟೋ ದಿನದ ಮೇಲೆ.

ಮಾರ್ಚ್ 14, ಶುಕ್ರವಾರ

ಇವತ್ತು ದೋಲ್, ಇಲ್ಲಿಯವರ ಹೋಳಿ. ಪಾಡಾದ ತುಂಬಾ ಅಬೀರ್ ಪುಡಿ. ದೋಣಿಗೆ ತಾಡಪಾಲು ಹೊದಿಸಿ ಹಗ್ಗ ಬಿಗಿದೆ. ಶೋಭನಾದಿ ನನ್ನ ತಲೆಗೆ ಗುಲಾಬಿ ಬಣ್ಣದ ಪುಡಿ ಸುರಿದು, "ಇದನ್ನು ಅಳೆ!" ಅಂದರು.

ಮಾರ್ಚ್ 15, ಶನಿವಾರ

ಟೇಪ್ ಪರೀಕ್ಷೆ. ಹನ್ನೊಂದು ಕಡೆ ಮಾಡಿದೆ. ಹನ್ನೊಂದು ಕಡೆಯೂ ಟೇಪ್ ಬರಿದಾಗಿ ಬಂತು. ಹನ್ನೆರಡನೆಯದು ಹಾಕಲು ಹೋದಾಗ ನಿಮಾಯಿದಾ ಟೇಪಿನ ಸುರುಳಿಯನ್ನೇ ಕಸಿದುಕೊಂಡರು.

ಕ್ಲಬ್ಬಿನಲ್ಲಿ ಬಣ್ಣದ ಜಗಳ, ಅವರವರ ಫುಟ್‌ಬಾಲ್ ತಂಡದ ಬಣ್ಣಕ್ಕೆ. ಕೆಂಪು-ಹಳದಿ ಎಂದು ಈಸ್ಟ್ ಬೆಂಗಾಲ್‌ನವರು, ಹಸಿರು-ಮೆರೂನ್ ಎಂದು ಮೋಹನ್ ಬಾಗಾನ್‌ನವರು. ಇಬ್ಬರು ನೆರೆಮನೆಯ ಮುದುಕರು ನಾಳೆಯಿಂದ ಮಾತು ಬಿಡುವುದಾಗಿ ಘೋಷಿಸಿದರು. ಕೊನೆಗೆ ಶೋಭನಾದಿ, "ಬೂದು ಬಣ್ಣ. ಇನ್ನು ಬಾಯಿ ತೆರೆದವರು ಪುಕುರಿಗೆ" ಅಂದರು. ನಾಳೆ ಎರಡನೇ ಪ್ರೈಮರ್, ಅದು ಒಣಗಿದ ಮೇಲೆ ಬೂದು.

ಮಾರ್ಚ್ 20, ಗುರುವಾರ

ವಿಚಾರಣೆ ನಲವತ್ತು ನಿಮಿಷ ನಡೆಯಿತು. ಮೂವರು ಇದ್ದರು. ಮಧ್ಯದವರು ಹೊರಗಿನಿಂದ ಬಂದ ಹಿರಿಯ ಎಂಜಿನಿಯರ್, ಹೆಂಗಸು. ಅವರು ಒಂದೇ ಪ್ರಶ್ನೆಯನ್ನು ಎರಡು ಸಲ ಕೇಳಿದರು.

"ನವೆಂಬರ್ 28ಕ್ಕೆ ಮೊದಲು ಹೀಗೆ ಮಾಡಿದ್ದಿರಾ?"

ಇಲ್ಲ ಎಂದು ಹೇಳಲು ಬಾಯಿ ತೆರೆದೆ. ನಿಲ್ಲಿಸಿದೆ. 2019ರ ಒಂದು ಬಾರ್ಜಿನ ದಿನ ನೆನಪಾಯಿತು. ಮೂರು ಅಳತೆ ಮಾಡಬೇಕಾದಲ್ಲಿ ಒಂದು ಮಾಡಿದ್ದೆ. ಅದನ್ನೂ ಹೇಳಿದೆ. ಸಾಹಾ ಅವರು ಕಿಟಕಿಯ ಕಡೆ ನೋಡಿದರು. ಎಂಜಿನಿಯರ್ ಬರೆದುಕೊಂಡರು.

ಆಮೇಲೆ ನಿಮಾಯಿದಾರನ್ನು ಕರೆದರು. ನನ್ನನ್ನು ಹೊರಗೆ ಕೂರಿಸಿದರು. ಒಳಗಿನ ಮಾತು ಕೇಳಿಸಲಿಲ್ಲ. ಕಾಲು ಗಂಟೆಯ ಮೇಲೆ ಹೊರಗೆ ಬಂದವರು ನನ್ನ ಪಕ್ಕದ ಕುರ್ಚಿಯಲ್ಲಿ ಕೂತರು. ಜೇಬಿನಿಂದ ಎರಡು ಬಿಸ್ಕತ್ತು ತೆಗೆದು ಒಂದನ್ನು ಕೊಟ್ಟರು.

ಮಾರ್ಚ್ 23, ಭಾನುವಾರ

ದೋಣಿ ನೀರಿಗೆ ಇಳಿಯಿತು. ನಲವತ್ತು ಜನ ಬಂದಿದ್ದರು, ಹುಟ್ಟು ಹಾಕಲು ಬರುವವರು ಒಬ್ಬರೂ ಇಲ್ಲ. ಒಬ್ಬ ಬ್ಯಾಂಕ್ ಆಫೀಸರ್ ದೋಣಿಯನ್ನು ಅದೇ ಜಾಗದಲ್ಲಿ ಆರು ಸುತ್ತು ತಿರುಗಿಸಿದರು. ಅತ್ತೆ ದಡದಲ್ಲಿ ನಿಂತು ಸಹಿಸುವಷ್ಟು ಸಹಿಸಿದರು. ಆಮೇಲೆ ಸೀರೆ ಎತ್ತಿ ಸಿಕ್ಕಿಸಿ, "ಅವನನ್ನು ಇಳಿಸು ಮಾರಾಯ್ತಿ, ದೋಣಿಗೆ ತಲೆ ತಿರುಗ್ತದೆ" ಅಂದರು.

ಅರವತ್ತೆಂಟು ವರ್ಷ. ಮೊಳಕಾಲು ನೋವಿನ ಮಾತ್ರೆ ತಿನ್ನುವವರು. ಮೂರು ಎಳೆತಕ್ಕೆ ಪುಕುರಿನ ನಡುವೆ ಇದ್ದರು. ಶೋಭನಾದಿ ಮುಂದೆ ಕೂತು ಅಂತರಗಂಗೆ ಎಳೆಯುವುದು, ಅತ್ತೆ ಹಿಂದಿನಿಂದ ಕನ್ನಡದಲ್ಲಿ ಬೈಯುವುದು. ಇಬ್ಬರಿಗೂ ಭಾಷೆಯ ಅಡ್ಡಿ ಆಗಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಅರ್ಧ ಪುಕುರು ತೆರೆದಿತ್ತು. ನೀರು ಕಪ್ಪಗಿದೆ, ಆದರೆ ನೀರು.

ಮಾರ್ಚ್ 28, ಶುಕ್ರವಾರ

ಪತ್ರ ಬಂತು. ಒಂದು: ಲಾಂಚನ್ನು ಯಾರ್ಡಿಗೆ ತಂದು ಪೂರ್ತಿ ಕೆರೆದು ಮತ್ತೆ ಬಣ್ಣ ಮಾಡಬೇಕು. ಎರಡು: ನಿಮಾಯಿ ಮಂಡಲ್ ಅವರ ಮೇಲೆ ಯಾವ ಆರೋಪವೂ ಇಲ್ಲ, ತಡೆಹಿಡಿದ ಸಂಬಳದೊಂದಿಗೆ ಮರಳಬೇಕು. ಮೂರು: ಒಂದು ವರ್ಷ ನನಗೆ ಸಹಿ ಹಾಕುವ ಅಧಿಕಾರವಿಲ್ಲ. ಬಣ್ಣದ ವಿಭಾಗದಲ್ಲಿ ಸಹಾಯಕಿ.

ನಾಲ್ಕು ಸಲ ಓದಿದೆ. ಮನೆಗೆ ಕಳಿಸುತ್ತಾರೆ ಅಂದುಕೊಂಡಿದ್ದೆ.

ಸಂಜೆ ನಿಮಾಯಿದಾ ಫೋನ್ ಮಾಡಿದರು. ಮರಳುವುದಕ್ಕೆ ಅವರು ಒಂದು ಷರತ್ತು ಹಾಕಿದ್ದಾರಂತೆ. ರಿಜಿಸ್ಟರ್‌ನಲ್ಲಿ ಪೇಂಟರ್‌ಗೂ ಒಂದು ಕಾಲಂ ಬೇಕು. ಕೈಗೆ ಕಂಡದ್ದನ್ನು ಅವನೇ ಬರೆದು ಅವನೇ ಸಹಿ ಹಾಕಬೇಕು. ಅಲ್ಲಿ ಒದ್ದೆ ಎಂದು ಬರೆದರೆ ಯಾರು ಫೋನ್ ಮಾಡಿದರೂ ಗನ್ ಎತ್ತುವ ಹಾಗಿಲ್ಲ. ಸಾಹಾ ಆಗುವುದಿಲ್ಲ ಅಂದರಂತೆ. ಆ ಹಿರಿಯ ಎಂಜಿನಿಯರ್ ಆಗುತ್ತದೆ ಅಂದರಂತೆ.

"ಹಳೆ ಬಟ್ಟೆ ಹಾಕಿಕೊಂಡು ಬನ್ನಿ ದಿದಿಮಣಿ. ಲಾಂಚ್ ಮೂವತ್ತೆರಡು ಅಡಿ."

ಏಪ್ರಿಲ್ 16, ಬುಧವಾರ

ಹತ್ತು ದಿನ ಕೆರೆದೆವು. ಇವತ್ತು ಪ್ರೈಮರ್ ಎಂದು ಗೊತ್ತಾಗಿತ್ತು. ನಿನ್ನೆ ಸಂಜೆ ಕಾಲಬೈಶಾಖಿ, ಇಲ್ಲಿಯ ಬೇಸಿಗೆಯ ಬಿರುಗಾಳಿ ಮಳೆ, ಬಂದು ಯಾರ್ಡಿನ ಎರಡು ತಗಡಿನ ಶೀಟ್ ಹಾರಿಸಿಕೊಂಡು ಹೋಯಿತು. ಬೆಳಿಗ್ಗೆ ಏಳಕ್ಕೆ ಆಕಾಶ ತೊಳೆದಿಟ್ಟ ಹಾಗೆ, ಲಾಂಚಿನ ಮೈ ನೋಡುವುದಕ್ಕೆ ಒಣಗಿದ ಹಾಗೆ. ಕ್ರೇನಿನವನು ನಾಳೆಗೆ ಕಾದಿದ್ದಾನೆ. ಸಾಹಾ ಅವರು ಗಡಿಯಾರ ನೋಡುತ್ತಾ ಅಲ್ಲೇ ನಿಂತಿದ್ದರು.

ಹೊಸ ಇನ್‌ಸ್ಪೆಕ್ಟರ್ ಮೀಟರ್ ಓದಿದರು, ನಾನು ತಂತಿ ಹಿಡಿದೆ. ಲೋಹ 25, ಇಬ್ಬನಿ 24, ಅಂತರ ಒಂದೇ ಡಿಗ್ರಿ. ಅವರು ತಮ್ಮ ಕಾಲಂ ತುಂಬಿದರು. ರಿಜಿಸ್ಟರ್ ನಿಮಾಯಿದಾ ಕೈಗೆ ಬಂತು. ಬರೆಯಲು ಅವರ ಬಳಿ ಏನೂ ಇರಲಿಲ್ಲ, ನನ್ನ ಪೆನ್ನು ಕೊಟ್ಟೆ. ಲಾಂಚಿನ ಹತ್ತಿರ ಹೋಗಿ ಐದಾರು ಕಡೆ ಕೈ ಇಟ್ಟು ನೋಡಿದರು. ಗ್ಯಾಂಗಿನ ಒಂಬತ್ತು ಜನವೂ ನೋಡುತ್ತಿದ್ದರು. ವಾಪಸ್ ಬಂದು, ರಿಜಿಸ್ಟರನ್ನು ಡ್ರಮ್ಮಿನ ಮೇಲೆ ಇಟ್ಟು, ಬಂಗಾಳಿಯಲ್ಲಿ ಒಂದೊಂದೇ ಅಕ್ಷರ ಕೂಡಿಸಿ ಬರೆದರು.

ಒದ್ದೆ. ಕೆಲಸ ನಿಲ್ಲಿಸಿದೆ.

ಕೆಳಗೆ ಹೆಸರು, ಸಮಯ.

ಸಾಹಾ ಅವರು ಬಗ್ಗಿ ಓದಿದರು. ಕ್ರೇನಿನವನಿಗೆ ಫೋನ್ ಮಾಡಲು ಆ ಕಡೆ ಹೋದರು. ಯಾರೋ ಚಹಾ ತರಿಸಿ ಅಂದರು. ನಾವೆಲ್ಲ ಶೆಡ್ಡಿನ ನೆರಳಿನಲ್ಲಿ ಕೂತೆವು.

ನಿಮಾಯಿದಾ ಪೆನ್ನಿನ ಮುಚ್ಚಳ ಹಾಕಿ, ತಮ್ಮ ಅಂಗಿಯ ಜೇಬಿಗೆ ಸಿಕ್ಕಿಸಿಕೊಂಡರು. ನಾನು ವಾಪಸ್ ಕೇಳಲಿಲ್ಲ.